ಡೆಬ್ರಿಸ್ ಏಕವಚನ

ಹಳೆಯ ಗೋಡೆ ಬಿದ್ದಾಗ ಏಳುವ ಧೂಳಿಗೆ ಅದರದೇ ಒಂದು ವಾಸನೆ ಇರುತ್ತದೆ. ಸುಣ್ಣ, ಗಾರೆ, ಎಂದೋ ಸಂದಿಯಲ್ಲಿ ಸೇರಿಕೊಂಡ ಇಲಿಯ ಗೂಡು, ವರ್ಷಗಟ್ಟಲೆ ಬೋರ್ಡಿನಿಂದ ಉದುರಿದ ಚಾಕ್‌ಪೀಸಿನ ಪುಡಿ... ಹೋದ ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ಮೂರು ಕೋಣೆ ಕೆಡವಿಸುವಾಗ ಆ ವಾಸನೆ ಮೂಗಿಗೆ ಬಡಿಯಿತು. ಸೆರಗು ಅಡ್ಡ ಹಿಡಿದುಕೊಂಡು ಬೇವಿನ ಮರದ ಕೆಳಗೆ ನಿಂತಿದ್ದೆ. ಮುಖ್ಯೋಪಾಧ್ಯಾಯಿನಿ ಎನ್ನಿಸಿಕೊಂಡ ಮೇಲೆ ಕಟ್ಟುವಾಗಲೂ ಕೆಡವುವಾಗಲೂ ನಿಲ್ಲಲೇಬೇಕು. ಟ್ರ್ಯಾಕ್ಟರ್ ಓಡಿಸುವವನು, ನಲವತ್ತು ದಾಟಿದ ಆಸಾಮಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಮೇಡಂ, ಈ ಡೆಬ್ರಿಸ್ ಎಲ್ಲಿ ಹಾಕ್ಲಿ?"

ನನ್ನ ಕಿವಿ ಆ ಒಂದು ಶಬ್ದದಲ್ಲೇ ನಿಂತಿತು.

ಕಟ್ಟಿದ್ದು ಬಿದ್ದ ಮೇಲೆ ಉಳಿಯುವ ಅವಶೇಷಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು ಅದು. ಬರೆಯುವಾಗ ಕೊನೆಗೆ ಎಸ್ ಇರುತ್ತದೆ, ಬಾಯಲ್ಲಿ ಹೇಳುವಾಗ ಇರುವುದಿಲ್ಲ. ಡೆಬ್ರೀ ಎನ್ನಬೇಕು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ನಾನು ಮಕ್ಕಳಿಗೆ ಹಾಗೆಯೇ ಹೇಳಿಕೊಡುತ್ತ ಬಂದಿದ್ದೇನೆ. ಆದರೆ ಈ ಟ್ರ್ಯಾಕ್ಟರಿನವನ ಬಾಯಲ್ಲಿದ್ದ ಶಬ್ದ ನನಗಿಂತ ಹಿಂದಿನದು. ಈಗಷ್ಟೇ ನೆಲಕ್ಕುರುಳಿದ ಆ ನಡುವಿನ ಕೋಣೆಯಲ್ಲಿ, ಆ ಗೋಡೆಗೇ ಬೆನ್ನು ಕೊಟ್ಟು ನಿಲ್ಲುತ್ತಿದ್ದ ನಮ್ಮ ಇಂಗ್ಲಿಷ್ ಸರ್ ಕೊಟ್ಟದ್ದು.

ಅವರು ಹಡಗಲಿಯವರು. ಹರಪನಹಳ್ಳಿ ತಾಲ್ಲೂಕಿನ ನಮ್ಮ ಈ ಊರಿಗೆ ಬಂದು, ಬಸ್ಸು ನಿಲ್ಲುವ ಕಟ್ಟೆಯ ಹಿಂದೆ ಒಂದು ಕೋಣೆ ಹಿಡಿದುಕೊಂಡು ಒಬ್ಬರೇ ಇದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಮಳೆಯಿರಲಿ ಬಿಸಿಲಿರಲಿ, ಕೈಯಲ್ಲಿ ಬಾರಾಮಾಸಿ ಛತ್ರಿ. ಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ. ಅವರ ಮನೆಯವರು ಕಟ್ಟಿ ಕಳಿಸಿದ್ದು. ಸರಸ್ವತಿ ಪಟಕ್ಕೆ ಅರ್ಧ ಮಾಲೆ, ಉಳಿದದ್ದು ತರಗತಿಯ ಹುಡುಗಿಯರಿಗೆ ಗೇಣು ಗೇಣು. ಸೋಮವಾರ ನಮ್ಮ ತರಗತಿ ಇಂಗ್ಲಿಷ್ ಪೀರಿಯಡ್ಡಿಗೂ ಮೊದಲೇ ಘಮ್ಮೆನ್ನುತ್ತಿತ್ತು. ಇಂಗ್ಲಿಷ್ ಎಂದರೆ ಹೆದರುತ್ತಿದ್ದ ನನಗೂ ಅದರಿಂದ ಸ್ವಲ್ಪ ಧೈರ್ಯ ಬರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮೂರಲ್ಲಿ ಇಂಗ್ಲಿಷ್ ಎನ್ನುವುದು ಪುಸ್ತಕದಲ್ಲಿ ಇತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಸರ್ ಕೂಡ ಅದನ್ನು ಕಿವಿಯಿಂದ ಕಲಿತವರಲ್ಲ, ಕಣ್ಣಿನಿಂದ ಕಲಿತವರು. ಅವರ ಹತ್ತಿರ ರಟ್ಟು ಹೋದ, ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿದ ಒಂದು ದಪ್ಪ ನಿಘಂಟು ಇತ್ತು. ಅದರಲ್ಲಿ ಶಬ್ದವಿತ್ತು, ಕನ್ನಡದ ಅರ್ಥವಿತ್ತು, ಹೇಗೆ ಉಚ್ಚರಿಸಬೇಕು ಎನ್ನುವುದು ಮಾತ್ರ ಇರಲಿಲ್ಲ. ಇದ್ದ ಅಕ್ಷರವನ್ನೆಲ್ಲ ಮರ್ಯಾದೆಯಿಂದ ಉಚ್ಚರಿಸುವುದು ಕನ್ನಡ ಓದಿದವರ ಅಭ್ಯಾಸ. ಅವರೂ ಹಾಗೆಯೇ ಉಚ್ಚರಿಸಿದರು. ಯಾವ ಅಕ್ಷರಕ್ಕೂ ಮೋಸ ಮಾಡಲಿಲ್ಲ.

ಹೊಸ ಶಬ್ದ ಬಂತೆಂದರೆ ಅದನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. ಅದನ್ನಿಟ್ಟುಕೊಂಡು ಮೂರು ವಾಕ್ಯ ಬರೆಯಬೇಕು, ಮೂರೂ ನಮ್ಮೂರಿನವೇ ಆಗಿರಬೇಕು. "ಲಂಡನ್ನಿನ ವಾಕ್ಯ ಬ್ಯಾಡ. ನಿಮ್ಮ ಓಣಿದು ಬರೀರಿ" ಅನ್ನುತ್ತಿದ್ದರು.

ಒಂದು ಪಾಠದಲ್ಲಿ ಹಡಗು ಒಡೆದ ಕತೆ ಬಂತು, ಅದರಲ್ಲಿ ಈ ಶಬ್ದ. ಹಡಗು ನಾವು ಯಾರೂ ನೋಡಿರಲಿಲ್ಲ. ಆದರೆ ಆ ವಾರವೇ ಗಾಳಿಗೆ ನಮ್ಮೂರ ಹಿಟ್ಟಿನ ಗಿರಣಿಯ ತಗಡಿನ ಮಾಡು ಹಾರಿ, ಒಂದು ಗೋಡೆ ಕುಸಿದಿತ್ತು. ಸರ್ ಪುಸ್ತಕ ಮುಚ್ಚಿ ಇಡೀ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗಿರಣಿಯವನು ಪಾಪ, ಸಮಾಧಾನ ಹೇಳಲು ಬಂದಿದ್ದಾರೆ ಅಂದುಕೊಂಡು ಹೆಗಲ ಮೇಲಿನ ಟವೆಲ್ ತೆಗೆದು ಕೈಮುಗಿದ. ಸರ್ ಅವನಿಗೆ ಎರಡು ಒಳ್ಳೆಯ ಮಾತು ಹೇಳಿ, ಆಮೇಲೆ ಛತ್ರಿಯ ತುದಿಯಿಂದ ಇಟ್ಟಿಗೆ ರಾಶಿ ತೋರಿಸಿದರು. ದಿ ಡೆಬ್ರಿಸ್ ಆಫ್ ದಿ ಮಿಲ್ ಈಸ್ ಆನ್ ದಿ ರೋಡ್. ನಾವೂ ರಾಗವಾಗಿ ಹೇಳಿದೆವು. ಗಿರಣಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಕಸಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ಯಾರೋ ಕೇಳಿದರು. ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ಕಸಕ್ಕ ಹಿಂದಿನ ಹೆಸರು ಇರಂಗಿಲ್ಲ. ಡೆಬ್ರಿಸ್ಸಿಗೆ ಇರ್ತೈತಿ. ಮನಿ ಬಿದ್ರ ಮನಿದು, ಗಿರಣಿ ಬಿದ್ರ ಗಿರಣಿದು. ಅದಕ್ಕ, ಡೆಬ್ರಿಸ್ ಅಂದ ಕೂಡ್ಲೇ ಕೇಳ್ಬೇಕು, ಯಾತರದು ಅಂತ."

ಅಂದಿನಿಂದ ನಾವು ಯಾವ ವಾಕ್ಯ ತಂದರೂ ಅವರು ಕನ್ನಡಕದ ಮೇಲಿನಿಂದ ನೋಡಿ "ಯಾತರದು?" ಎನ್ನುವರು. ಒಬ್ಬಳು ಮಡಕೆಯ ಡೆಬ್ರಿಸ್ ಎಂದು ಬರೆದು ತಂದಳು. ಮಡಕೆ ಒಡೆದರೆ ಬರೀ ಪೀಸು, ಡೆಬ್ರಿಸ್ ಎಂದರೆ ಇನ್ನೂ ಸ್ವಲ್ಪ ದೊಡ್ಡ ಸಂಕಟ ಆಗಿರಬೇಕು ಎಂದರು. ನಾನು ಬರೆದದ್ದು ನನ್ನ ಅಜ್ಜಿಯ ಹಲ್ಲಿನ ಬಗ್ಗೆ. ದಿ ಡೆಬ್ರಿಸ್ ಆಫ್ ಮೈ ಗ್ರ್ಯಾಂಡ್‌ಮದರ್ಸ್ ಟೀತ್ ಆರ್ ಇನ್ ಹರ್ ಮೌತ್. ಸರ್ ನಕ್ಕರು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕೂರಿಸಿಕೊಂಡು ತಿದ್ದಿದರು.

"ಏನವ್ವಾ ನೀನು, ಅಜ್ಜಿ ಬಾಯಾಗ ಗಿರಣಿ ಕೆಡವಿದೆಲ್ಲ. ಕೇಳಿಲ್ಲಿ. ಹಿಂದ ಎಸ್ ಐತಿ ಅಂತ ಇದನ್ನ ಬಹುವಚನ ಅನ್ಕೋಬ್ಯಾಡ. ಹತ್ತು ಮನಿ ಬೀಳ್ಲಿ, ಊರಿಗೆ ಊರೇ ಬೀಳ್ಲಿ, ಡೆಬ್ರಿಸ್ ಏಕವಚನ. ಈಸ್ ಹಚ್ಚಬೇಕು, ಆರ್ ಹಚ್ಚಂಗಿಲ್ಲ."

ನಾವು ಕನ್ನಡದಲ್ಲಿ ಅವಶೇಷಗಳು ಎನ್ನುವ ಜನ. 'ಗಳು' ನಾಲಿಗೆಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆದರೆ ಬಿಡಿಸಿದರು. ನಮ್ಮ ತರಗತಿಯಲ್ಲಿ ಓದಿದ ಯಾರನ್ನೇ ಎಬ್ಬಿಸಿ ಕೇಳಿದರೂ ಡೆಬ್ರಿಸ್ ಈಸ್ ಎನ್ನುತ್ತಿದ್ದರು. ನನಗಂತೂ ಇಂಗ್ಲಿಷಿನಲ್ಲಿ ಪೂರ್ತಿ ನನ್ನದು ಎನ್ನಿಸಿದ ಮೊದಲ ಶಬ್ದವೇ ಅದು.

ಆ ಒಂದು ಶಬ್ದದ ಧೈರ್ಯದ ಮೇಲೆಯೇ ನಾನು ಇಂಗ್ಲಿಷ್ ಟೀಚರ್ ಆಗಬೇಕೆಂದುಕೊಂಡೆ ಎಂದರೆ ನೀವು ನಗಬಹುದು. ಪದವಿ ಮುಗಿಸಿ ದಾವಣಗೆರೆಯಲ್ಲಿ ಬಿ.ಎಡ್. ಸೇರಿದೆ. ಅಲ್ಲಿ ನಮ್ಮ ನಮ್ಮಲ್ಲೇ ಪಾಠ ಮಾಡಿ ತೋರಿಸಬೇಕು. ನನ್ನ ಸರದಿ ಬಂದಾಗ ನಾನು ಆರಿಸಿಕೊಂಡದ್ದು ಮತ್ಯಾವ ಶಬ್ದವನ್ನು? ಬೋರ್ಡಿನ ಮೇಲೆ ದುಂಡಗೆ ಬರೆದು, ಸರ್ ಹಾಗೆಯೇ ಎದೆ ಎತ್ತಿ ಡೆಬ್ರಿಸ್ ಎಂದೆ.

ಮೊದಲ ಸಾಲಿನಲ್ಲಿ ಒಂದು ನಗು. ಆಮೇಲೆ ಇಡೀ ಕೋಣೆಯಲ್ಲಿ. ನಮಗೆ ಪಾಠ ಹೇಳುತ್ತಿದ್ದವರು ಕೂಡ ನಕ್ಕು, ಇದು ಹರಪನಹಳ್ಳಿ ಇಂಗ್ಲಿಷೋ ಎಂದು ಕೇಳಿ, ತಾವೇ ಎದ್ದು ಬಂದು ಸರಿಯಾದ ಉಚ್ಚಾರ ಹೇಳಿಕೊಟ್ಟರು. ಡೆಬ್ರೀ. ದಿ ಡೆಬ್ರೀ ಆರ್ ರಿಮೂವ್ಡ್ ಎಂದು ಒಂದು ವಾಕ್ಯವನ್ನೂ ಹೇಳಿದರು.

ಆರ್ ಎಂದರು. ನನ್ನ ಕಿವಿಗೆ ಅದು ಬಿತ್ತು. ಆ ಕೋಣೆಯಲ್ಲಿ ಅದು ತಪ್ಪು ಎಂದು ಗೊತ್ತಿದ್ದವಳು ನಾನೊಬ್ಬಳೇ ಇರಬೇಕು. ಆದರೆ ಹೇಳಲಿಲ್ಲ. ಮುಖ ಸುಟ್ಟುಕೊಂಡು ನಿಂತವಳಿಗೆ ಬಾಯಿ ಎಲ್ಲಿಂದ ಬರಬೇಕು... ಎಷ್ಟೋ ದಿನ ಹುಡುಗಿಯರು ನನ್ನನ್ನು ಡೆಬ್ರಿಸ್ ಎಂದೇ ಕರೆದರು. ವಿಚಿತ್ರವೆಂದರೆ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ನಮ್ಮ ಸರ್ ಮೇಲೆ.

ಮಾರನೆಯ ವರ್ಷ ನನಗೆ ನಮ್ಮೂರ ಶಾಲೆಯಲ್ಲೇ ಕೆಲಸ ಸಿಕ್ಕಿತು. ಸರ್ ಸಂಭ್ರಮ ಹೇಳತೀರದು. ಮೊದಲ ದಿನ ಒಂದೊಂದು ತರಗತಿಗೂ ಕರೆದುಕೊಂಡು ಹೋಗಿ, ಇವಳು ನನ್ನ ಶಿಷ್ಯಳು, ಇವಳ ಅಜ್ಜಿಯ ಹಲ್ಲು ಡೆಬ್ರಿಸ್ ಆಗಿತ್ತು ಎಂದು ಹೇಳಿ ನಗಿಸಿದರು. ಮಕ್ಕಳು ನಕ್ಕವು. ನಾನೂ ತುಟಿ ಹಿಗ್ಗಿಸಿದೆ, ಒಳಗೆ ಮಾತ್ರ ದಾವಣಗೆರೆಯ ಆ ಕೋಣೆ ಮತ್ತೆ ನಕ್ಕಂತಾಯಿತು. ಆಗಲೇ ಅವರನ್ನು ಪಕ್ಕಕ್ಕೆ ಕರೆದು, ಸರ್, ಅದರ ಉಚ್ಚಾರ ಹೀಗಂತೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಬೇವಿನ ಮರದ ಕೆಳಗೆ ಇಬ್ಬರೂ ನಕ್ಕುಬಿಡುತ್ತಿದ್ದೆವು. ಹಾಗೆ ಮಾಡಲಿಲ್ಲ.

ನಮ್ಮ ತಾಲ್ಲೂಕು ಆಗಷ್ಟೇ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಹೊಸ ಜಿಲ್ಲೆಯಿಂದ ಒಬ್ಬ ಅಧಿಕಾರಿ ಪಾಠ ನೋಡಲು ಬಂದರು. ಸರ್ ತಮ್ಮ ಅತ್ಯುತ್ತಮ ಪಾಠವನ್ನೇ ಇಟ್ಟುಕೊಂಡರು. ಅಧಿಕಾರಿಯ ಪಕ್ಕ, ಹಿಂದಿನ ಬೆಂಚಿನಲ್ಲಿ ನಾನು ಕುಳಿತಿದ್ದೆ. ಕಸಕ್ಕೆ ಹಿಂದಿನ ಹೆಸರಿರುವುದಿಲ್ಲ ಎನ್ನುವ ಮಾತು ಬಂತು. ಯಾತರದು ಎಂಬ ಪ್ರಶ್ನೆ ಬಂತು. ಮಕ್ಕಳು ಚೆನ್ನಾಗಿ ಹೇಳುತ್ತಿದ್ದವು. ಅಧಿಕಾರಿ ತಲೆಯಾಡಿಸುತ್ತಿದ್ದರು. ಉಚ್ಚಾರದ ಕಡೆ ಅವರ ಲಕ್ಷ್ಯವೇ ಇರಲಿಲ್ಲ. ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ.

"ಸರ್, ಅದು ಡೆಬ್ರಿಸ್ ಅಲ್ಲ, ಡೆಬ್ರೀ. ಎಸ್ ಸೈಲೆಂಟು."

ಯಾಕೆ ಹೇಳಿದೆ? ಮಕ್ಕಳ ಒಳ್ಳೆಯದಕ್ಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅಧಿಕಾರಿ ನನ್ನನ್ನು ಗಮನಿಸಲಿ ಎಂದು ಹೇಳಿದೆ. ದಾವಣಗೆರೆಯಲ್ಲಿ ನನ್ನ ಮೇಲೆ ಬಿದ್ದ ನಗುವನ್ನು ಯಾರ ಮೇಲಾದರೂ ಇಳಿಸಬೇಕಿತ್ತು, ಇಳಿಸಿದೆ. ಇಳಿಸಲು ನನಗೆ ಸಿಕ್ಕವರು ಅವರೊಬ್ಬರೇ.

ಮಕ್ಕಳು ಕಿಸಕ್ಕನೆ ನಕ್ಕವು. ಕರೆಕ್ಟ್, ಕರೆಕ್ಟ್ ಎಂದು ಅಧಿಕಾರಿ ಏನೋ ಬರೆದುಕೊಂಡರು. ಸರ್ ಕೈಯಲ್ಲಿದ್ದ ಚಾಕ್‌ಪೀಸು ಹಾಗೇ ನಿಂತಿತ್ತು. ಸಿಟ್ಟಾಗಲಿಲ್ಲ. ಬೋರ್ಡಿನ ಮೇಲಿನ ಆ ಶಬ್ದವನ್ನು ಮೊದಲ ಸಲ ನೋಡುವವರಂತೆ ನೋಡಿ, ನನ್ನ ಕಡೆ ತಿರುಗಿದರು.

"ಹೌದೇನ್ರಿ ಮೇಡಂ?"

ಅವರು ನನ್ನನ್ನು ಎಂದೂ ಹಾಗೆ ಕರೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಮೇಡಂ ಎನ್ನುವಾಗಲೂ ಅವರಿಗೆ ನಾನು ಏನವ್ವಾ, ನೀನು, ಇಲ್ಲಿ ಬಾ. ಆ ಕ್ಷಣಕ್ಕೆ ನಾನು 'ನೀವು' ಆದೆ. ಆಮೇಲೆ ಅವರು ನನ್ನಿಂದ ಆ ಶಬ್ದವನ್ನು ಮೂರು ಸಲ ಹೇಳಿಸಿ, ಮಕ್ಕಳಿಂದ ಹೇಳಿಸಿ, ತಾವೂ ಸಣ್ಣ ದನಿಯಲ್ಲಿ ಹೇಳಿ, ಪಾಠ ಮುಗಿಸಿದರು. ಅಂದು ಮಧ್ಯಾಹ್ನ ಅವರು ಊಟದ ಡಬ್ಬಿ ತೆಗೆಯಲಿಲ್ಲ. ಕಿಟಕಿಯ ಹತ್ತಿರ ಕುಳಿತು ಯಾರಿಗೋ ಹೇಳುವಂತೆ ಅಂದರು:

"ತೆಲಿಗಿ, ಚಿಗಟೇರಿ, ಎಲ್ಲೆಲ್ಲಿ ಹುಡುಗ್ರು ಅದಾರ ನಮ್ಮವು... ಎಷ್ಟು ಊರಿಗೆ ತಪ್ಪು ಕಳಿಸೀನಿ ನಾನು."

ಎದುರಿಗೆ ಕುಳಿತಿದ್ದ ನನಗೆ ಆಗ ಏನನ್ನಿಸಿತು ಗೊತ್ತೇ? ಗೆದ್ದೆ ಎನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಅನ್ನಿಸಿತು.

ಮರುವಾರದಿಂದ ಅವರು ಚೀಟಿ ತರತೊಡಗಿದರು. ಹಳೆಯ ಉತ್ತರಪತ್ರಿಕೆಯ ಅಂಚು ಕತ್ತರಿಸಿ, ಅದರ ಮೇಲೆ ದಿನಕ್ಕೆ ಆರೇಳು ಶಬ್ದ. ಟೂಂಬ್ ಅನ್ನಬೇಕೋ ಟೂಮ್ ಅನ್ನಬೇಕೋ, ಡಿಪೋಟ್ ಸರಿಯೋ ಡಿಪೋ ಸರಿಯೋ, ಐಲ್ಯಾಂಡಿನ ಎಸ್ ಎಲ್ಲಿ ಹೋಯಿತು... ನನ್ನ ಮೇಜಿನ ಮುಂದೆ ನಿಂತೇ ಕೇಳುತ್ತಿದ್ದರು. ಕೂತುಕೊಳ್ಳಿ ಎಂದರೂ ಕೂರುತ್ತಿರಲಿಲ್ಲ. ನಾನು ಹೇಳಿದ್ದನ್ನು ಶಬ್ದದ ಪಕ್ಕ ಕನ್ನಡದಲ್ಲಿ ಬರೆದುಕೊಂಡು, ಬರ್ತೀನ್ರಿ ಎಂದು ಹೋಗುತ್ತಿದ್ದರು. ಎಷ್ಟು ವಿನಯ ನೋಡಿ ಎಂದು ಉಳಿದವರು ಹೊಗಳಿದರು. ನನಗೂ ಹಿತವಾಗಿತ್ತು. ಅದು ವಿನಯವಲ್ಲ, ಭಯ ಎಂದು ಗೊತ್ತಾಗಲು ತಡವಾಯಿತು.

ಒಂದು ದಿನ ಅವರ ತರಗತಿಯ ಮುಂದೆ ಹಾದುಹೋಗುವಾಗ ಒಳಗಿನಿಂದ ದನಿಯೇ ಇರಲಿಲ್ಲ. ಮಕ್ಕಳಿಲ್ಲವೇನೋ ಎಂದು ಇಣುಕಿದೆ. ಎಲ್ಲ ಇದ್ದವು. ಸರ್ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಮಕ್ಕಳು ನೋಡಿ ಬರೆದುಕೊಳ್ಳುತ್ತಿದ್ದವು. ಒಂದು ಹುಡುಗಿ ಎದ್ದು ಯಾವುದೋ ಶಬ್ದ ತೋರಿಸಿ ಹೇಗೆ ಓದಬೇಕು ಎಂದು ಕೇಳಿತು. ಅವರು, ಅದನ್ನ ಮೇಡಮ್ಮನ್ನ ಕೇಳು ಎಂದರು. ಗಿರಣಿಯ ಮುಂದೆ ಛತ್ರಿ ಹಿಡಿದು ಊರಿಗೆಲ್ಲ ಕೇಳುವಂತೆ ಇಂಗ್ಲಿಷ್ ಹೇಳಿದವರು, ತಮ್ಮದೇ ತರಗತಿಯಲ್ಲಿ ಬಾಯಿ ಕಟ್ಟಿಕೊಂಡಿದ್ದರು.

ಸೋಮವಾರದ ಮಲ್ಲಿಗೆ ಮಾತ್ರ ತಪ್ಪಲಿಲ್ಲ. ಸ್ಟಾಫ್ ರೂಮಿನ ನಮಗೂ ಒಂದೊಂದು ತುಂಡು ಇರುತ್ತಿತ್ತು. ತಗೊಳ್ರಿ ಮೇಡಂ ಎಂದು ಮೇಜಿನ ತುದಿಯಲ್ಲಿ ಇಟ್ಟು ಹೋಗುತ್ತಿದ್ದರು. ಮುಡಿದುಕೊಳ್ಳುತ್ತಿದ್ದೆ. ದಿನವಿಡೀ ಆ ಘಮ ಹಿಂದೆಯೇ ಇರುತ್ತಿತ್ತು.

ಅವರಿಗೆ ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ. ಸರ್, ನಾನೂ ಡೆಬ್ರಿಸ್ ಎಂದೇ ಹೇಳಿದ್ದೆ, ದಾವಣಗೆರೆಯಲ್ಲಿ ಎಲ್ಲರೂ ನಕ್ಕರು. ಆದರೆ ನಕ್ಕವರೇ ಅದಕ್ಕೆ ಆರ್ ಹಚ್ಚಿದರು. ಅಷ್ಟು ದೊಡ್ಡವರಿಗೆ ಗೊತ್ತಿಲ್ಲದ್ದು ನಿಮ್ಮಿಂದ ನನಗೆ ಗೊತ್ತಿತ್ತು. ಇಷ್ಟೇ. ನಾಲ್ಕು ಮಾತು. ಹೇಳಿದ್ದರೆ ಅವರಿಗೆ ಅವರ ಬಾಯಿ ವಾಪಸ್ಸು ಬರುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅದನ್ನು ಹೇಳಬೇಕೆಂದರೆ ನಾನು ನಗೆಪಾಟಲಾದದ್ದನ್ನೂ ಹೇಳಬೇಕಿತ್ತು. ಹುಟ್ಟಿನಿಂದಲೇ ಡೆಬ್ರೀ ಗೊತ್ತಿದ್ದವಳ ಹಾಗೆ ನಾನು ಶಾಲೆಯಲ್ಲಿ ಓಡಾಡಿಕೊಂಡಿದ್ದೆ. ಆ ವೇಷ ಕಳಚಲು ಮನಸ್ಸು ಬರಲಿಲ್ಲ.

ಎರಡು ವರ್ಷಕ್ಕೆ ಅವರ ನಿವೃತ್ತಿ ಬಂತು. ಬೀಳ್ಕೊಡುಗೆಯಲ್ಲಿ ಸರ್ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಹಳೆಯ ವಿದ್ಯಾರ್ಥಿಗಳು ಹಟ ಹಿಡಿದರು. ಅವರು ಎದ್ದು ನಿಂತು, ಕನ್ನಡದಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ, ತಪ್ಪಿದ್ದರೆ ಕ್ಷಮಿಸಬೇಕು ಎಂದು ಕುಳಿತರು. ಅದು ಸಭೆಗಳಲ್ಲಿ ಎಲ್ಲರೂ ಹೇಳುವ ಮಾತು, ಯಾರೂ ಬೇರೆ ಅರ್ಥ ಮಾಡಿಕೊಳ್ಳಲಿಲ್ಲ. ನಾನೊಬ್ಬಳು ತಲೆ ತಗ್ಗಿಸಿದೆ.

ಸಂಜೆ ಸ್ಟಾಫ್ ರೂಮಿನಲ್ಲಿ ಅವರು ತಮ್ಮ ಡ್ರಾಯರ್ ಖಾಲಿ ಮಾಡುತ್ತಿದ್ದರು. ಉಳಿದವರು ಹೊರಗಿದ್ದರು. ಅಷ್ಟು ದಿನದ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಅದನ್ನು ನನ್ನ ಮೇಜಿನ ಮೇಲಿಟ್ಟು, ಮಕ್ಕಳಿಗೆ ಬೇಕಾದೀತು ಎಂದರು. ಮೇಲಿನ ಚೀಟಿಯಲ್ಲಿ ಒಂದೇ ಶಬ್ದವಿತ್ತು, ಪಕ್ಕದಲ್ಲಿ ಮುದ್ದಾದ ಕನ್ನಡದಲ್ಲಿ ಡೆಬ್ರೀ ಎಂದು ಬರೆದಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಯಾರೂ ಅಡ್ಡ ಬರಲಿಲ್ಲ. ಸರ್, ಎಂದೆ. ಅವರು ತಿರುಗಿ ನಿಂತು ಕಾದರು. ನಾನು, ನೀವು ಮತ್ತೆ ಮೊದಲಿನ ಹಾಗೆ ನನ್ನನ್ನು ನೀನು ಎಂದು ಕರೆಯಿರಿ ಎನ್ನಬೇಕೆಂದಿದ್ದೆ... ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.

ಐದೂವರೆಗೆ ಎಂದರು. ಬಾಗಿಲ ಹತ್ತಿರ ಹೋದವರು ನಿಂತರು.

"ಮೇಡಂ, ಎಸ್ ಬಿಡಿಸಿದ್ರಿ, ಚಲೋ ಆತು. ಈಸ್ ಒಂದು ಬಿಡಿಸಬ್ಯಾಡ್ರಿ."

ನಾನು ಬಿಡಿಸಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಓದಿದ ಒಂದು ಮಗುವೂ ಆ ಶಬ್ದಕ್ಕೆ ಆರ್ ಹಚ್ಚಿಲ್ಲ. ಹಾಗೆಂದು ಒಂದು ಕಾಗದವನ್ನಾದರೂ ಬರೆಯಬಹುದಿತ್ತು. ಹಡಗಲಿಯೇನು ಕಾಶಿಯೇ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದಿತ್ತು. ಈ ದಸರೆಗೆ, ಬರುವ ಬೇಸಿಗೆಗೆ ಎನ್ನುತ್ತಲೇ ಕಳೆದೆ. ಆ ಕಡೆಯಿಂದ ವರ್ಗವಾಗಿ ಬಂದ ಒಬ್ಬರು ಒಂದು ದಿನ ಚಹಾ ಕುಡಿಯುತ್ತ, ನಿಮ್ಮ ಶಾಲೆಯಲ್ಲಿ ಹಿಂದೆ ಇದ್ದರಲ್ಲ ಇಂಗ್ಲಿಷ್ ಮಾಸ್ತರು, ಅವರು ಹೋಗಿ ಒಂದು ತಿಂಗಳಾಯಿತಂತೆ ಎಂದರು. ನಾನು ಕಪ್ಪು ಕೆಳಗಿಟ್ಟು ತರಗತಿಗೆ ಹೋದೆ. ಅಂದು ಏನು ಪಾಠ ಮಾಡಿದೆನೋ ನೆನಪಿಲ್ಲ.

ಇಷ್ಟೆಲ್ಲ ಆ ಧೂಳಿನಲ್ಲಿ ಎದ್ದು ಬಂದು ಹೋಯಿತು. ಟ್ರ್ಯಾಕ್ಟರಿನವನು ಇನ್ನೂ ನಿಂತೇ ಇದ್ದ. ಡೆಬ್ರಿಸ್ ಎನ್ನುವುದನ್ನು ಎಲ್ಲಿ ಕಲಿತೆಯಪ್ಪ ಎಂದು ಕೇಳಿದೆ. ಅವನು ಕಲ್ಲುಮಣ್ಣಿನ ರಾಶಿಯ ಕಡೆ ಕೈ ತೋರಿಸಿದ. ಇದೇ ಕೋಣೆಯಲ್ಲಿ, ನೀವು ಇಲ್ಲಿ ಟೀಚರ್ ಆಗುವುದಕ್ಕೂ ಮುಂಚೆ ಎಂದ. ಹತ್ತನೇ ಕ್ಲಾಸು ಪಾಸಾಗಲಿಲ್ಲವಂತೆ. ಉಳಿದ ಇಂಗ್ಲಿಷೆಲ್ಲ ಮರೆತುಹೋಗಿದೆಯಂತೆ.

"ಇದೊಂದು ಮರ್ತಿಲ್ರಿ. ಯಾತರದು, ಯಾತರದು ಅಂತ ತಲಿ ತಿಂತಿದ್ರು ಸರ್ರು." ನಕ್ಕ. ಆಮೇಲೆ ಆ ರಾಶಿಯ ಕಡೆ ತಿರುಗಿದ. "ಈಗ ಅವರ ಕ್ಲಾಸಿನದೇ ಆತು ನೋಡ್ರಿ."

ತಿದ್ದುವ ಅಭ್ಯಾಸ ಬಿದ್ದ ನಾಲಿಗೆ ನನ್ನದು. ಆ ಶಬ್ದವನ್ನು ಯಾರೇ ಹಾಗೆ ಅಂದರೂ ಇಷ್ಟು ವರ್ಷ ತಿದ್ದಿಯೇ ಬಿಟ್ಟಿದ್ದೇನೆ. ಅವತ್ತು ತಿದ್ದಲಿಲ್ಲ. ಡೆಬ್ರಿಸ್ ಹಿಂದಿನ ತಗ್ಗಿಗೆ ಹಾಕಪ್ಪ ಎಂದೆ. ಎಸ್ ಅನ್ನು ಒತ್ತಿಯೇ ಅಂದೆ, ಸರ್ ಅನ್ನುತ್ತಿದ್ದಷ್ಟೇ ಒತ್ತಿ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಹೋಗಿ ಟ್ರ್ಯಾಕ್ಟರ್ ಚಾಲೂ ಮಾಡಿದ.

ಊರಿಗೆ ಊರೇ ಬಿದ್ದರೂ ಅದು ಏಕವಚನ ಎಂದು ಹೇಳಿಕೊಟ್ಟವರು, ಹೋಗುವವರೆಗೂ ನನಗೆ ಬಹುವಚನವನ್ನೇ ಉಳಿಸಿ ಹೋದರು. ಆ ಬಹುವಚನದಲ್ಲೇ ನನಗೆ ವಯಸ್ಸಾಯಿತು. ಈಗ ಊರಲ್ಲಿ ಎಲ್ಲರಿಗೂ ನಾನು ಮೇಡಂ, ಏನವ್ವಾ ನೀನು ಎನ್ನುವವರು ಯಾರೂ ಇಲ್ಲ.